ಓ ಅನ್ನದಿದ್ದರೆ

ಮೊನ್ನೆ ಸಾಗರದ ಸಂತೆಯಲ್ಲಿ ಬಸಳೆ ಸೊಪ್ಪಿನ ಕಟ್ಟು ಹಿಡಿದುಕೊಂಡು ಚೌಕಾಸಿ ಮಾಡುತ್ತಿದ್ದೆ. ಬೆನ್ನ ಹಿಂದೆ ಯಾರದೋ ಜೇಬಿನಲ್ಲಿ ಫೋನು ಹಾಡತೊಡಗಿತು. ನಾನು ಕಟ್ಟನ್ನು ಅಲ್ಲೇ ಬಿಟ್ಟು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಸೊಪ್ಪಿನವಳು ನನ್ನ ಮುಖ ನೋಡಿದಳು.

“ಹಲ್ಲು ನೋವಾ ಅಣ್ಣಾ?”

“ಹ್ಞೂಂ,” ಅಂದೆ, ಬೆರಳ ಸಂದಿಯಿಂದಲೇ.

“ಲವಂಗ ಇಟ್ಕಳಿ. ಹೋಗತ್ತೆ.”

ಲವಂಗಕ್ಕೆ ಹೋಗುವ ನೋವಾಗಿದ್ದರೆ ನಿಮ್ಮ ಮುಂದೆ ಇಷ್ಟುದ್ದ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆ ಫೋನಿನಲ್ಲಿ ಹಾಡುತ್ತಿದ್ದವಳು ನನ್ನ ತಂಗಿಯ ಮಗಳು ವಿಭಾ. ಅದು ಅವಳು ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿದ ಮೊಟ್ಟಮೊದಲ ಹಾಡು. ನಮ್ಮ ಕಡೆಯ ಕಾಲೇಜು ಹುಡುಗ ಹುಡುಗಿಯರ ಫೋನಿನಲ್ಲೆಲ್ಲ ಈಗ ಅದೇ. ಎದೆಯುಬ್ಬಿಸಿಕೊಂಡು ತಿರುಗಬೇಕಾದ ಮಾವ ಬಾಯಿ ಮುಚ್ಚಿಕೊಂಡು ತಿರುಗುತ್ತಾನೆ ಎಂದರೆ ಏನೋ ಇರಬೇಕಲ್ಲ?

ಸಾಗರದಲ್ಲಿ ನನ್ನ ಕಸುಬು ಮೈಕ್ ಸೆಟ್ಟಿನದು. ಮದುವೆ, ಉಪನಯನ, ಯಕ್ಷಗಾನ, ಸನ್ಮಾನ ಎಂದು ತೀರ್ಥಹಳ್ಳಿಯಿಂದ ಹುಂಚದವರೆಗೆ ನಾನು ಹಾರ್ನು ಕಟ್ಟದ ಮರ ಕಡಿಮೆ. ಹಾರ್ನಿನ ಎದುರು ನಿಂತೂ ನಿಂತೂ ಬಲಗಿವಿ ಅರ್ಧ ಹೋಗಿದೆ, ಎಡಗಿವಿ ಅದರ ದಾರಿ ಹಿಡಿಯುವ ಯೋಚನೆಯಲ್ಲಿದೆ. ಊರಿಗೆಲ್ಲ ಕೇಳಿಸಿದವನಿಗೆ ಮನೆಯಲ್ಲಿ ಹೆಂಡತಿ ಸುಮಾ ಹೇಳಿದ್ದು ಕೇಳುವುದಿಲ್ಲ. ಅದು ಕಿವಿಯ ದೋಷ ಎಂದು ಅವಳು ಇವತ್ತಿಗೂ ಒಪ್ಪಿಲ್ಲ. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಮುಂದೆ ನಾನು ‘ಕೇಳಿತು’, ‘ಕೇಳಲಿಲ್ಲ’ ಎಂದಾಗಲೆಲ್ಲ ಇದು ಸಾಕ್ಷಿಗೆ ನಿಲ್ಲುವ ಕಿವಿಯಲ್ಲ ಎಂಬುದು ನಿಮಗೆ ನೆನಪಿರಬೇಕು.

ವಿಭಾ ತೀರ್ಥಹಳ್ಳಿಯಲ್ಲಿ ಬೆಳೆದವಳು. ಈಗ ಹೊಸನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡಿಕೊಂಡು ಅಲ್ಲೇ ರೂಮು ಹಿಡಿದಿದ್ದಾಳೆ. ಮಾತು ಕಡಿಮೆ. ಮದುವೆ ಮನೆಗೆ ಬಂದರೂ ಜನ ಇಲ್ಲದ ಮೂಲೆ ಹುಡುಕಿ ಕೂರುವ ಕೂಸು. ಒಂದು ದಿನ ಫೋನು ಮಾಡಿ, “ಮಾವಾ, ಆನು ಒಂದು ಸಿಂಗಲ್ ಬಿಡ್ತಾ ಇದ್ದಿ,” ಅಂದಳು.

“ಅಂದ್ರೆ ಎಂತದೆ?”

“ಒಂದೇ ಹಾಡು.”

“ಬಾಕಿದು ಎಂತಾತು?”

“ಬಾಕಿದು ಇನ್ನೂ ಬೈಂದಿಲ್ಲೆ ಮಾವ.”

ಆಲ್ಬಂ ಅಂದರೆ ಮದುವೆ ಆಲ್ಬಂ ಎಂದುಕೊಂಡ ಕಾಲದವನು ನಾನು. ಆದರೂ ಶಬ್ದದ ವಿಷಯ ಬಂದರೆ ಸುಮ್ಮನಿರುವ ಜಾತಿಯಲ್ಲ. ಹುಂಚಕ್ಕೆ ಹೋಗುವ ದಾರಿಯಲ್ಲಿ ಅವಳ ರೂಮಿಗೆ ನುಗ್ಗಿ ನೋಡಿದರೆ, ಗೋಡೆಗೆಲ್ಲ ಕಂಬಳಿ, ಹಳೇ ಸೀರೆಯ ಕೌದಿ ಕಟ್ಟಿದ್ದಾಳೆ. ಫ್ಯಾನು ನಿಲ್ಲಿಸಿದ್ದಾಳೆ. ಹಾಡುವಾಗ ಹೊರಗಿನ ಸದ್ದು ಬರಬಾರದಂತೆ. ‘ಎಕೋ ಸ್ವಲ್ಪ ಏರ್ಸು, ಬಾಸ್ ಸಾಲ, ಹಿಂಗಾದ್ರೆ ಹಿಂದೆ ಕೂತವ್ಕೆ ಕೇಳ್ತಿಲ್ಲೆ’ ಎಂದೆಲ್ಲ ಉಪದೇಶ ಮಾಡಿದೆ. ಅವಳು ನಕ್ಕು, “ಹಿಂದೆ ಕೂತವ್ರು ಯಾರೂ ಇಲ್ಲೆ ಮಾವ, ಎಲ್ಲರೂ ಕಿವಿಯೊಳಗೇ ಕೂತಿರ್ತ,” ಅಂದಳು.

ಹಾಡು ಬಿಡುಗಡೆಯಾದ ಸಂಜೆ ಸುಮಾಳ ಫೋನಿನಲ್ಲಿ ಕೇಳಿದೆವು. ಮಲಗಿದ ಯಾರನ್ನೋ ಎಬ್ಬಿಸಬಾರದು ಎನ್ನುವಷ್ಟು ಮೆಲ್ಲಗೆ ಹಾಡುತ್ತಾಳೆ. ಗಿಟಾರಿನ ತಂತಿ ಅಲ್ಲೊಂದು ಇಲ್ಲೊಂದು. ‘ದೀಪ ಹಚ್ಚಿದ ಮೇಲೆ ಹೆಸರು ಹೇಳಬೇಡ, ನೀರ ಮೇಲೆ ಯಾರ ಹೆಜ್ಜೆಯೂ ಮೂಡದು’ ಎಂದು ಒಂದು ಸಾಲು. ಎರಡನೆಯ ಸಲ ಆ ಸಾಲು ಬಂದ ಮೇಲೆ ಮಾತು ನಿಂತು, ದೂರದಿಂದ ಬಂದ ಹಾಗೆ ಅವಳದೇ ದನಿಯಲ್ಲಿ ಒಂದು ಕೂಗು: ‘ಕೂ…’ ಎಂದು ಉದ್ದಕ್ಕೆ ಏರಿ, ತುದಿಯಲ್ಲಿ ಸ್ವಲ್ಪ ಇಳಿದು, ಗುಳುಕ್ ಎಂದು ಒಂದು ಬಿಕ್ಕು. ಆಮೇಲೆ ಏನೂ ಇಲ್ಲ. ಹಾಡು ಅಲ್ಲಿಗೆ ಮುಗಿಯಿತು.

ಸುಮಾ ಕಣ್ಣೊರೆಸಿಕೊಂಡಳು. ಹಾಡಿನ ಕೆಳಗೆ ಯಾರ್ಯಾರೋ ಬರೆದಿದ್ದರು: ‘ಆ ಕೊನೆಯ ಬಿಕ್ಕಿನಲ್ಲಿ ಎಷ್ಟು ನೋವಿದೆ’, ‘ಆ ಬಿಕ್ಕು ನನ್ನನ್ನು ಕೊಂದಿತು’. ನಾನು ಮಾತ್ರ ಕೂತಲ್ಲೇ ತಣ್ಣಗಾಗಿದ್ದೆ. ಏಕೆಂದರೆ ಅದು ಬಿಕ್ಕಲ್ಲ. ಅದು ಎಲೆಯಡಿಕೆ ಕವಳದ ರಸ ನುಂಗಿದ ಸದ್ದು. ಆ ಕೂಗು ಆಚೆ ದಡದ ಬಂಗಾರಮ್ಮನದು. ಬಂಗಾರಮ್ಮ ತೀರಿಹೋದದ್ದು ವಿಭಾ ಹುಟ್ಟುವ ಮೊದಲು.

ಬಂಗಾರಮ್ಮ ಯಾರೆಂದು ಹೇಳಬೇಕು. ನಮ್ಮ ಮೂಲ ಮನೆ ತುಮರಿಯ ಕಡೆ, ಹಿನ್ನೀರಿನ ದಡದಲ್ಲಿ. ಈಗ ಅಲ್ಲಿ ತಮ್ಮನ ಸಂಸಾರ ಇದೆ. ನೀರು ಬರುವ ಮುಂಚೆ ನಮ್ಮ ಮನೆಗೂ ಬಂಗಾರಮ್ಮನ ಮನೆಗೂ ನಡುವೆ ಇದ್ದದ್ದು ನಾಲ್ಕು ಗದ್ದೆ. ಬಾಯಿಗೆ ಹಾಕಿಕೊಂಡ ಕವಳ ಮುಗಿಯುವುದರೊಳಗೆ ಹೋಗಿ ಬರಬಹುದಿತ್ತಂತೆ. ಆಮೇಲೆ ಕಟ್ಟೆ ಕಟ್ಟಿ, ನೀರು ನಿಂತು, ಗದ್ದೆ ಮುಳುಗಿ, ಎರಡು ಮನೆ ಎರಡು ಗುಡ್ಡದ ಮೇಲೆ ಉಳಿದವು. ಮದುವೆಯಾಗಿ ಬಂದ ಹೊಸತರಲ್ಲೇ ಅಮ್ಮನಿಗೂ ಅವಳಿಗೂ ಸ್ನೇಹದ ಗಂಟು ಬಿದ್ದಿತ್ತು. ನೀರಿಗೆ ಅದೇನು ಗೊತ್ತು? ಹೋಗಿ ಬರುವುದು ತಪ್ಪಿತು, ಕೂಗುವುದು ಶುರುವಾಯಿತು. ದಿನಾ ದೀಪ ಹಚ್ಚಿದ ಮೇಲೆ ಬಂಗಾರಮ್ಮ ಆಚೆ ದಡದಲ್ಲಿ ನಿಂತು ‘ಕೂ…’ ಅನ್ನಬೇಕು. ಅಮ್ಮ ಹಿತ್ತಿಲಿಗೆ ಹೋಗಿ ‘ಓ…’ ಅನ್ನಬೇಕು. ಅಷ್ಟೇ ಮಾತು. ಇದ್ದೀಯಾ ಎಂದು ಒಬ್ಬಳು, ಇದ್ದೀನಿ ಎಂದು ಇನ್ನೊಬ್ಬಳು.

ಓ ಅನ್ನದಿದ್ದರೆ ಏನು? ಅದಕ್ಕೂ ಕಟ್ಟಳೆ ಇತ್ತು. ಓ ಅನ್ನದಿದ್ದರೆ ದೋಣಿ ಬರುತ್ತದೆ. ಏನೋ ಆಗಿದೆ ಎಂದು ತಿಳಿದು ಕರೆದವರು ನೋಡಿಕೊಂಡು ಹೋಗಲು ಬರಲೇಬೇಕು.

ಹಾಗೆ ಬಂದದ್ದೂ ಉಂಟು. ನಾನು ಆಗ ಪ್ರೈಮರಿ ಶಾಲೆ. ಅಮ್ಮ ಅಪ್ಪನ ಮೇಲೆ ಯಾವುದಕ್ಕೋ ಮುನಿದು ಬೆಳಗಿನಿಂದ ಬಾಯಿ ಬಿಟ್ಟಿರಲಿಲ್ಲ. ಸಂಜೆ ಕೂಗು ಬಂತು. ಅಮ್ಮ ತುಟಿ ಬಿಗಿದುಕೊಂಡು ಅಕ್ಕಿ ಆರಿಸುತ್ತ ಕೂತಳು. ನಾವು ಮಕ್ಕಳು ಓ ಅಂದರೆ ನಡೆಯುತ್ತಿತ್ತು. ಅಮ್ಮನಿಗೆ ಜ್ವರ ಬಂದಾಗ ನಾವೇ ಅನ್ನುತ್ತಿದ್ದೆವು, ಬಂಗಾರಮ್ಮ ಒಪ್ಪಿಕೊಂಡು ಒಳಗೆ ಹೋಗುತ್ತಿದ್ದಳು. ಆವತ್ತು ಅಮ್ಮನ ಮುಖ ನೋಡಿ ನಮಗೂ ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಹುಟ್ಟು ಹಾಕುವ ಸದ್ದು, ಲಾಟೀನು, ಆಮೇಲೆ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಬಂಗಾರಮ್ಮ.

“ಯಾರು ಹೋದ್ರು?” ಎಂದಳು ಅಂಗಳದಿಂದಲೇ.

ಅಮ್ಮ ಎದ್ದು ಹೋಗಿ, “ಯಾರೂ ಹೋಗಿಲ್ವೆ, ಇವರ ಮೇಲೆ ಸಿಟ್ಟು ಬಂದಿತ್ತು,” ಅಂದಳು.

“ಗಂಡನ ಮೇಲಿನ ಸಿಟ್ಟಿಗೆ ನಾನು ಹೊಳೇಲಿ ಸಾಯ್ಬೇಕಾ? ಒಂದು ಓ ಅನ್ನಕ್ ಆಗ್ಲಿಲ್ವಾ ನಿಮ್ಗೆ ಗೌರಮ್ಮ?”

ಇಬ್ಬರೂ ನಕ್ಕರು. ಅಪ್ಪನೊಬ್ಬನೇ ನಗಲಿಲ್ಲ. ಅಮ್ಮನಿಗೆ ಬಂಗಾರಮ್ಮನ ಸಂಗಡ ಬೇರೆ ಮಾತು. ನಮ್ಮ ಮನೆಮಾತಲ್ಲ, ಎಲ್ಲರೂ ಆಡುವ ಊರಮಾತು. ಆ ಮಾತಾಡುವಾಗ ಅಮ್ಮನ ದನಿಯೇ ಸ್ವಲ್ಪ ಚಿಕ್ಕ ವಯಸ್ಸಿನದಾಗುತ್ತಿತ್ತು.

ಬಂಗಾರಮ್ಮ ತೀರಿದ ಮೇಲೂ ಅಮ್ಮ ಸಂಜೆ ಹಿತ್ತಿಲಿಗೆ ಹೋಗಿ ‘ಓ’ ಅನ್ನುವುದನ್ನು ಬಿಡಲಿಲ್ಲ. ನಾನು ಸಾಗರದಿಂದ ಹೋದಾಗಲೆಲ್ಲ ನೋಡುತ್ತಿದ್ದೆ. ಹಳೇ ರೂಢಿ, ಇರಲಿ ಎಂದುಕೊಂಡೆ. ಮುದುಕರು ಬೀಡಿ ಬಿಟ್ಟ ಮೇಲೂ ಬೆಂಕಿಪೆಟ್ಟಿಗೆ ತಡಕುವುದಿಲ್ಲವೇ? ಒಂದು ಸಲ ಮಾತ್ರ ಕೇಳಿದ್ದೆ, “ಕೂಗಿದ್ದು ಯಾರು ಹೇಳಿ ನೀ ಓ ಅಂಬದು?” ಅಮ್ಮ ನನ್ನ ಕಿವಿಯನ್ನೇ ನೋಡಿ, “ನಿಂಗೆ ಕೇಳದೂ ಕಷ್ಟ ಬಿಡು ಮಾಣಿ,” ಅಂದಿದ್ದಳು. ನನ್ನ ವಯಸ್ಸು ಅರವತ್ತರ ಹತ್ತಿರ ಬಂದರೂ ಅಮ್ಮನಿಗೆ ನಾನು ಮಾಣಿಯೇ, ಅಂದರೆ ಹುಡುಗ.

ಮಂಡಿ ಕೈಕೊಟ್ಟ ಮೇಲೆ, ಆಸ್ಪತ್ರೆ ಹತ್ತಿರವಾಗಲಿ ಎಂದು ಅಮ್ಮನನ್ನು ಸಾಗರಕ್ಕೆ ಕರೆದುಕೊಂಡು ಬಂದೆ. ನಮ್ಮದು ಬಸ್ಸಿನ ಹಾರ್ನು ನಿಲ್ಲದ ಬೀದಿ. ಅಮ್ಮನಿಗೆ ಅದರಿಂದ ತೊಂದರೆ ಇರಲಿಲ್ಲ. ಟೀವಿ ನೋಡುತ್ತಿದ್ದಳು, ಪಕ್ಕದ ಮನೆಯವರ ಜಗಳಕ್ಕೆ ಕಿವಿ ಕೊಡುತ್ತಿದ್ದಳು, ಸುಮಾಳ ಸಾರಿಗೆ ಹೆಸರಿಡುತ್ತಿದ್ದಳು. ದೀಪ ಹಚ್ಚುವ ಹೊತ್ತು ಬಂತೆಂದರೆ ಮಾತ್ರ ಒಂದು ಕಡೆ ಕೂರುವುದಿಲ್ಲ. ಕೋಲು ಊರಿಕೊಂಡು ಬಾಗಿಲು, ಕಿಟಕಿ, ಹಿಂದಿನ ಬಾಗಿಲು ಎಂದು ತಿರುಗಾಟ.

“ಇಲ್ಲಿಗೆ ಕೇಳ್ತಿಲ್ಲೆ ಮಾಣಿ,” ಅಂದಳು ಒಂದು ದಿನ. “ಅಲ್ಲಿ ಬಂಗಾರಿ ಕರದೂ ಕರದೂ ಬೇಜಾರಾಗಿ ದೋಣಿ ಹತ್ತಿಬಿಟ್ರೆ ಎಂತ ಮಾಡದು?”

“ಅಮ್ಮಾ, ಬಂಗಾರಮ್ಮ ಸತ್ತು ಯಾವ ಕಾಲ ಆತು!”

“ಎಂಗೆ ಗೊತ್ತಿಲ್ಯಾ? ಆನೇ ಅಲ್ದ ಹೋಗಿ ನೋಡಿಕ್ಯಂಡು ಬಂದಿದ್ದು? ಸಾಯದು ಬೇರೆ, ಕರೆಯದು ಬೇರೆ.”

“ಈಗ ಸೇತುವೆ ಆಯ್ದು. ದೋಣಿ ಗೀಣಿ ಎಲ್ಲಾ ಇಲ್ಲೆ.”

“ಸೇತುವೆ ಆದ್ರೆ ಎಂತಾತು? ಅದಕ್ಕೆ ದೋಣಿ ಒಂದೇ ಗೊತ್ತು.”

ನಮ್ಮ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು’ ಎಂದೇ ಅನ್ನುವುದು. ಹಗಲು ಹೊತ್ತಿನಲ್ಲಿ ಅದರಿಂದ ಏನೂ ಅನ್ನಿಸುವುದಿಲ್ಲ. ಮುಸ್ಸಂಜೆಯಲ್ಲಿ, ಸತ್ತವಳ ಬಗ್ಗೆ, ಬಾಗಿಲ ಕಡೆ ನೋಡುತ್ತ ಅಮ್ಮ ‘ಅದು ಬತ್ತು’, ಬರುತ್ತದೆ, ಅಂದರೆ ಬೆನ್ನು ಜುಮ್ಮೆನ್ನುತ್ತಿತ್ತು. ಊರಲ್ಲಿದ್ದ ತಮ್ಮನಿಗೆ ಫೋನು ಮಾಡಿಸಿ, ದಿನಾ ಸಂಜೆ ಹಿತ್ತಿಲಿಗೆ ಹೋಗಿ ಓ ಅನ್ನು ಎಂದು ಅಮ್ಮ ಅಪ್ಪಣೆ ಮಾಡಿದಳು. ಅವನು ‘ಆತು ಆತು’ ಅಂದು ಮರೆತ.

ಹೀಗಿರುವಾಗ ವಿಭಾಳ ಹಾಡು ಬಂದದ್ದು. ನಾವು ಫೋನಿನಲ್ಲಿ ಅದನ್ನು ಕೇಳುತ್ತಿದ್ದಾಗ ಅಮ್ಮ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಕೊನೆಗೆ ಕೂಗು ಬಂದು, ಗುಳುಕ್ ಎಂದು, ನಿಂತಿತಲ್ಲ, ನಾನು ತಣ್ಣಗಾಗಿ ಕೂತಿದ್ದೆನಲ್ಲ, ಆಗ ಒಳಗಿನಿಂದ ಗಟ್ಟಿಯಾಗಿ ಕೇಳಿತು: “ಓ…”

ಸುಮಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಒಳಗೆ ಹೋದರೆ ಅಮ್ಮ ಹಾಸಿಗೆಯಲ್ಲಿ ಎದ್ದು ಕೂತು ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದಾಳೆ. ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ ನೆಮ್ಮದಿ.

“ಅದು ಮೊಬೈಲು ಅಮ್ಮ,” ಅಂದೆ. “ನಮ್ಮ ವಿಭಾನ ಹಾಡು.”

“ಮೊಬೈಲಾದ್ರೆ ಎಂತ? ಅಂತೂ ಇಲ್ಲಿಗೂ ಕೇಳ್ತು. ನಾಳೆಯೂ ದೀಪ ಹಚ್ಚಿದ ಮೇಲೆ ಹಚ್ಚು.”

ಅಂದಿನಿಂದ ನಮ್ಮ ಮನೆಯಲ್ಲಿ ದೀಪಕ್ಕೆ ಎಣ್ಣೆ, ಬತ್ತಿ, ಸುಮಾಳ ಫೋನು ಮೂರೂ ಒಟ್ಟಿಗೇ ಬರತೊಡಗಿದವು. ಕೂಗು ಬರಬೇಕು, ಅಮ್ಮ ಓ ಅನ್ನಬೇಕು, ಆಮೇಲೆ ಊಟದ ಯೋಚನೆ. ತಿರುಗಾಟ ನಿಂತಿತು. ನನಗೂ ಒಂದು ರೀತಿ ಅನುಕೂಲವೇ ಆಯಿತು ಅನ್ನಿ. ಆದರೆ ಊರ ತುಂಬ ಆ ಹಾಡು ಹಬ್ಬಿದ ಮೇಲೆ ಬೇರೆ ಪಜೀತಿ. ಲೈನ್‌ಮನ್‌ಗೆ ಫೋನು ಮಾಡಿದರೆ ಅವನ ಕಾಲರ್ ಟ್ಯೂನು ಅದೇ. ಕರೆಂಟು ಹೋಗಿದೆ ಎಂದು ಹೇಳಲು ಕತ್ತಲಲ್ಲಿ ಕೂತು ಫೋನು ಕಿವಿಗಿಟ್ಟರೆ, ಬಂಗಾರಮ್ಮ ಕರೆದು, ಕವಳ ನುಂಗಿ, ಸುಮ್ಮನಾಗುತ್ತಾಳೆ. ನನ್ನ ಬಾಯಿಂದ ತಾನಾಗಿ ಓ ಬಂತು. ಆ ಕಡೆ ಅವನು, “ಹಲೋ, ಯಾರದು, ಯಾಕೆ ಹಂಗೆ ಕೂಗ್ತೀರಿ?” ಅಂದ.

ಇದು ಹೇಗೆ ಎಂದು ನನ್ನ ತಲೆ ತಿನ್ನುತ್ತಿತ್ತು. ಯಾರಾದರೂ ಆ ಮನೆಯಲ್ಲಿದ್ದು ದನ ಕರೆಯಲು ಕೂಗಿಯಾರು, ಬಂಗಾರಮ್ಮನ ವಂಶದಲ್ಲೇ ಆ ದನಿ ಇದ್ದೀತು, ಕೂಸು ರಜೆಗೆ ಬಂದಾಗ ಕೇಳಿಸಿಕೊಂಡೀತು ಎಂದು ಲೆಕ್ಕ ಹಾಕಿದೆ. ಬಂಗಾರಮ್ಮನ ಮಗ ತಿಮ್ಮಪ್ಪ ಈಗ ಆನಂದಪುರದ ಹತ್ತಿರ ಇದ್ದಾನೆ. ಅವನಿಗೆ ಫೋನು ಮಾಡಿದೆ.

“ಅಲ್ಲಿ ಯಾರಿದಾರೆ ಅಣ್ಣಾ?” ಅಂದ. “ಅವ್ವ ತೀರ್ಕಂಡ ವರ್ಷನೇ ಹಂಚು ಇಳಿಸಿ, ಬಾಗ್ಲು ಬಿಚ್ಕಂಡು ಬಂದ್ವಲ್ಲ. ಬರೀ ಗೋಡೆ ಇತ್ತು. ಈಗ ಅದೂ ಇದೆಯೋ ಇಲ್ವೋ. ಯಾಕೆ, ಎಂತಾಯ್ತು?”

“ಏನಿಲ್ಲ, ಸುಮ್ನೆ,” ಅಂದೆ.

ಮಾರನೇ ಭಾನುವಾರ ವಿಭಾ ಹೊಸನಗರದಿಂದ ಬಸ್ಸಿಗೆ ಬಂದಳು. ನಾನು ಪೀಠಿಕೆ ಹಾಕದೆ ಕೇಳಿದೆ, “ಆ ಕೂಗು ಎಲ್ಲಿಂದ ತಂದೆ ಕೂಸೆ?”

“ಅಮ್ಮಮ್ಮನ ಮನೆ ಹಿತ್ತಿಲಿಂದ ಮಾವ. ಸಣ್ಣಕ್ಕಿದ್ದಾಗ ರಜೆಗೆ ಬಂದಾಗೆಲ್ಲ ಸಂಜೆ ಕೇಳ್ತಿತ್ತಲ. ಅಮ್ಮನ ಕೇಳಿದ್ರೆ ನವಿಲು ಹೇಳಿ ಅಂದಿತ್ತು. ಎಂಗೆ ನವಿಲು ಅಲ್ಲ ಅನ್ನಸ್ತಿತ್ತು. ಹಾಡು ಬರೀತಾ ಕೂತಾಗ ಅದೇ ಬಂತು.”

ಅಮ್ಮ ಮಂಚದಲ್ಲಿ ಎದ್ದು ಕೂತಳು. “ನಿಂಗೂ ಕೇಳ್ತಿತ್ತಾ?”

“ಹೂಂ ಅಮ್ಮಮ್ಮ. ನೀ ಓ ಅಂದ ಕೂಡ್ಲೆ ನಿಲ್ತಿತ್ತು.”

ಅಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಮೊಮ್ಮಕ್ಕಳಲ್ಲಿ ಯಾರ ಮೇಲೂ ಹೆಚ್ಚು ಕಡಿಮೆ ಮಾಡದ ಅಮ್ಮ ಆವತ್ತು ಅವಳೊಬ್ಬಳಿಗೇ ಎಲ್ಲ ಹೇಳಿದಳು: ಗದ್ದೆ, ನೀರು, ಕವಳ, ದೋಣಿ. ಬಂಗಾರಮ್ಮ ತೀರಿದ್ದು ಯಾವಾಗ ಎಂಬುದನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಹುಡುಗಿಯ ಮುಖ ಬಿಳಿಚಿಕೊಂಡಿತು.

“ಮಾವಾ, ಹಾಡು ತೆಗೆದುಬಿಡ್ಲಾ?” ಅಂದಳು ನನ್ನ ಕಡೆ ತಿರುಗಿ. “ಎಷ್ಟೋ ಜನ ಕೇಳ್ತಾ ಇದ್ದ. ಅದು ಅವ್ರೆಲ್ಲರ ಮನೆಗೂ ಹೋಗಿ ಕರೆದಾಂಗೆ ಆತಲ. ಅವ್ರು ಯಾರೂ ಓ ಅಂತ್ವಿಲ್ಲೆ.”

ಬೇರೆಯವರಾದರೆ ಇಷ್ಟು ಜನ ಕೇಳಿದರು ಎಂದು ಹಿಗ್ಗಬೇಕು. ನಮ್ಮ ಕೂಸಿಗೆ ಅದೇ ಹೆದರಿಕೆ. ನಾನು ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಅಮ್ಮನಿಗೆ ಬಂತು.

“ಬಂಗಾರಿಗೆ ಎನ್ನ ಬಿಟ್ರೆ ಯಾರ ಗುರ್ತ ಇದ್ದು? ಬಾಕಿಯವ್ಕೆ ಅದು ಹಾಡು. ತೆಗೆಯಡ.” ಆಮೇಲೆ ನನ್ನನ್ನು ಕರೆದಳು. “ಮಾಣಿ, ಇಲ್ಕೇಳು. ಒಂದಿನ ಎಂಗೆ ಓ ಅಂಬಲೆ ಆಗ್ತಿಲ್ಲೆ. ಆವಾಗ ನೀ ಅನ್ನಡ, ಸುಮ್ನಿರು. ಅದು ಬರ್ಲಿ.”

“ಆತು,” ಅಂದೆ. ಮಕ್ಕಳು ಊಟ ಮಾಡಲಿ ಎಂದು ಎಲ್ಲದಕ್ಕೂ ಆಗಲಿ ಅನ್ನುತ್ತೇವಲ್ಲ, ಆ ತರಹದ ‘ಆತು’.

ಚಳಿಗಾಲಕ್ಕೆ ಅಮ್ಮನಿಗೆ ಜ್ವರ ಬಂದು ಹೋಯಿತು. ಜ್ವರ ಹೋದರೂ ಅಮ್ಮ ಏಳಲಿಲ್ಲ. ಡಾಕ್ಟರು ಮನೆಯಲ್ಲೇ ನೋಡಿಕೊಳ್ಳಿ ಅಂದರು. ಗಂಜಿ ಎರಡು ಚಮಚ ಇಳಿದರೆ ಅವತ್ತಿನ ಹಬ್ಬ. ಸಂಜೆಯ ಓ ಮಾತ್ರ ತಪ್ಪಲಿಲ್ಲ. ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಬಂತು, ನಾನು ಎಡಗಿವಿಯನ್ನು ಅಮ್ಮನ ಬಾಯಿಗೆ ಹಿಡಿದು ಕೇಳಬೇಕಾಯಿತು, ಆದರೂ ಇತ್ತು. ಒಂದು ಸಂಜೆ ಸುಮಾ ದೀಪ ಹಚ್ಚಿ ಫೋನು ಹಚ್ಚಿದಳು. ಕೂಗು ಏರಿತು, ಇಳಿಯಿತು, ಗುಳುಕ್ ಎಂದಿತು. ನಾನು ಕಿವಿ ಹಿಡಿದೆ. ಅಮ್ಮ ಕಣ್ಣು ಬಿಟ್ಟುಕೊಂಡೇ ಇದ್ದಳು. ತುಟಿ ಅಲುಗಲಿಲ್ಲ.

ನನಗೆ ಭಯವಾಯಿತು. ಇದನ್ನು ಬೇರೆ ಯಾವ ಮಾತಿನಿಂದಲೂ ಮುಚ್ಚಲಾರೆ. ದೆವ್ವ ಗಿವ್ವ ಸುಳ್ಳು ಎಂದು ಮೈಕಿನಲ್ಲಿ ಭಾಷಣ ಮಾಡಿದವರಿಗೆಲ್ಲ ಮೈಕು ಕಟ್ಟಿದವನು, ಅವರ ಜೊತೆ ತಲೆಯಾಡಿಸಿದವನು, ಆ ಗಳಿಗೆಯಲ್ಲಿ ಹೊಳೆಯ ನೀರಿಗೆ ದೋಣಿ ಇಳಿದದ್ದನ್ನು ಕಂಡವನಂತೆ ಬೆಚ್ಚಿದೆ. ನನಗೆ ಅಮ್ಮ ಬೇಕಿತ್ತು. ಬಾಗಿಲ ಕಡೆ ತಿರುಗಿ, ಬೀದಿಯೆಲ್ಲ ಕೇಳುವ ಹಾಗೆ, “ಓ…” ಎಂದುಬಿಟ್ಟೆ.

ಹೊರಗೆ ನಾಯಿ ಬೊಗಳಿತು. ಅಮ್ಮ ನಿಧಾನಕ್ಕೆ ಕತ್ತು ತಿರುಗಿಸಿದಳು.

“ಎಂತಕ್ಕೆ ಅಂದೆ ಮಾಣಿ?” ಅಂದಳು. ಎಷ್ಟೋ ದಿನದಿಂದ ಅಷ್ಟು ಸ್ಪಷ್ಟವಾಗಿ ಮಾತಾಡಿರಲಿಲ್ಲ. “ದಡಕ್ಕೆ ಬಂದಾಗಿತ್ತು ಅದು.”

ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆವತ್ತು ಗಂಜಿಗೂ ಬಾಯಿ ತೆರೆಯಲಿಲ್ಲ.

ನಾನು ಅಷ್ಟಕ್ಕೇ ಬುದ್ಧಿ ಕಲಿತೆನೆಂದುಕೊಳ್ಳಬೇಡಿ. ಮರುದಿನವೂ ಅಂದೆ, ಅದರ ಮರುದಿನವೂ ಅಂದೆ. ಅಮ್ಮ ಉಳಿದಳು. ಆದರೆ ಅದು ಎಂಥ ಉಳಿಯುವುದು! ಹೊರಳಿಸಿದರೆ ನೋವು, ಹೊರಳಿಸದಿದ್ದರೆ ಬೆನ್ನು ಹುಣ್ಣು. ನೀರು ಕೊಟ್ಟರೆ ಕಟಬಾಯಿಯಲ್ಲಿ ಇಳಿದು ದಿಂಬು ಒದ್ದೆಯಾಗುತ್ತಿತ್ತು. ಸಂಜೆ ಕೂಗು ಬಂದಾಗ ಮಾತ್ರ ಕಣ್ಣು ಹೊಳೆಯುತ್ತಿತ್ತು, ನಾನು ಓ ಅಂದ ಕೂಡಲೇ ಆರುತ್ತಿತ್ತು. ಅದನ್ನು ಸುಮಾ ನೋಡಿದಳು. ನಾನು ನೋಡಲೊಲ್ಲೆ.

“ನಿಂಗೊ ಎಂತಕ್ಕೆ ಹಿಂಗೆ ಅಡ್ಡ ನಿಂತಿದ್ರಿ?” ಅಂದಳು ಅಡುಗೆಮನೆಯಲ್ಲಿ, ದನಿ ತಗ್ಗಿಸಿ. “ಅತ್ತೆ ಕಾಯ್ತಾ ಇದ್ದು ಯಾರನ್ನ ಹೇಳಿ ಗೊತ್ತಿದ್ದಲ. ನಿಂಗಳನ್ನ ಅಲ್ಲ.”

ನಿಂಗಳನ್ನ ಅಲ್ಲ. ಆ ಮಾತು ಎರಡೂ ಕಿವಿಗೆ ಸರಿಯಾಗಿ ಕೇಳಿತು. ಮಕ್ಕಳಿಗೆ ಅಮ್ಮ ಅಂದರೆ ನಮಗಾಗಿ ಹುಟ್ಟಿ ನಮ್ಮಿಂದಲೇ ಶುರುವಾದವಳು. ನಾವು ಹುಟ್ಟುವ ಮುಂಚೆ ಅವಳಿಗೊಂದು ಗದ್ದೆಯಂಚು ಇತ್ತು, ಅಲ್ಲೊಬ್ಬಳು ಗೆಳತಿ ಇದ್ದಳು, ಇಬ್ಬರಿಗೂ ಹದಿನೆಂಟೋ ಇಪ್ಪತ್ತೋ ವಯಸ್ಸು ಎಂಬುದು ನಮಗೆ ಹೊಳೆಯುವುದೇ ಇಲ್ಲ. ಹೊಳೆದರೂ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ನನಗೆ ಆಯಿತು, ಸುಳ್ಳು ಯಾಕೆ ಹೇಳಲಿ?

ಮಾರನೇ ಸಂಜೆ ಸುಮಾ ದೀಪ ಹಚ್ಚಿದಳು. ಫೋನನ್ನು ನಾನೇ ತೆಗೆದುಕೊಂಡು ಅಮ್ಮನ ದಿಂಬಿನ ಪಕ್ಕ ಇಟ್ಟು ಹಾಡು ಹಚ್ಚಿದೆ. ವಿಭಾ ಮೆಲ್ಲಗೆ ಹಾಡಿದಳು. ದೀಪ ಹಚ್ಚಿದ ಮೇಲೆ ಹೆಸರು ಹೇಳಬೇಡ ಅಂದಳು. ಗಿಟಾರಿನ ತಂತಿ ನಿಂತಿತು. ಕೂಗು ಎದ್ದಿತು, ಏರಿತು, ಇಳಿಯಿತು. ನನ್ನ ಗಂಟಲಲ್ಲಿ ಓ ಬಂದು ನಿಂತಿತ್ತು. ಅಂಗೈಯನ್ನು ಬಾಯಿಗೆ ಒತ್ತಿ, ಹಲ್ಲು ಕಚ್ಚಿ, ಅದನ್ನು ಒಳಗೇ ಹಿಡಿದೆ. ಕಣ್ಣಿಂದ ನೀರು ಬಂತು. ಬಂದರೆ ಬರಲಿ ಎಂದು ಬಿಟ್ಟೆ.

ಬೀದಿಯಲ್ಲಿ ಬಸ್ಸೊಂದು ಹೋಯಿತು. ಅದರ ಸದ್ದು ಅಡಗಿದ ಮೇಲೆ ಮನೆ ಎಂದೂ ಇಲ್ಲದಷ್ಟು ನಿಶ್ಶಬ್ದವಾಯಿತು. ನನ್ನ ಕೆಟ್ಟ ಕಿವಿಯಲ್ಲಿ ಸದಾ ಗುಂಯ್‌ಗುಡುವ ಸದ್ದು ಸಹ ಇರಲಿಲ್ಲ. ಬಾಗಿಲ ಪರದೆ ಅಲುಗಿದ್ದು ಗಾಳಿಗೇ ಇರಬೇಕು. ಅಮ್ಮ ಗೋಡೆಯ ಕಡೆಯಿಂದ ಬಾಗಿಲ ಕಡೆ ಮುಖ ತಿರುಗಿಸಿದಳು. ನನ್ನನ್ನಾಗಲಿ ಸುಮಾಳನ್ನಾಗಲಿ ನೋಡಲಿಲ್ಲ.

“ಬಂದ್ಯಾ?” ಅಂದಳು, ಊರಮಾತಿನಲ್ಲಿ, ಆ ಚಿಕ್ಕ ವಯಸ್ಸಿನ ದನಿಯಲ್ಲಿ. “ಗಾಳಿ ಇತ್ತೇನೆ ಹೊಳೇಲಿ?”

ಉತ್ತರ ನನಗೆ ಕೇಳಲಿಲ್ಲ. ಅಮ್ಮ ಕೇಳಿಸಿಕೊಂಡು ಹೂಂಗುಟ್ಟಿದಳು. ಆಮೇಲೆ, ನಾವಿಬ್ಬರು ಹಿಡಿದೆತ್ತಿದರೂ ಮಡಚಲು ಬಾರದಿದ್ದ ಕಾಲುಗಳನ್ನು ತಾನೇ ಮೆಲ್ಲಗೆ ಮಡಚಿಕೊಂಡು, ಮಂಚದ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. ಸುಮಾಳೂ ನಾನೂ ಅಲ್ಲಿ ಕೂರಲಿಲ್ಲ. ನೆಲದ ಮೇಲೆ ಚಾಪೆ ಹಾಕಿಕೊಂಡೆವು. ಬೆಳಿಗ್ಗೆ ಅಮ್ಮನ ಕೈ ತಣ್ಣಗಿತ್ತು. ಕಾಲು ಹಾಗೇ ಮಡಚಿತ್ತು.